ಕರೆಂಟ್ ಬಂತಾ? ಮನೆಯ 230 ವೋಲ್ಟ್ ಲೈನಿಗೆ ಒಂದು ಪುಟ್ಟ ಎಲ್‌ಇಡಿ ದೀಪ

ಮನೆಗೆ ಯುಪಿಎಸ್ ಹಾಕಿಸಿದ ಮೇಲೆ ಹೊಸದೊಂದು ತಲೆನೋವು ಶುರುವಾಯಿತು. ಕರೆಂಟ್ ಹೋದದ್ದೂ ಗೊತ್ತಾಗುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಹಾಲ್‌ನ ಲೈಟು, ಫ್ಯಾನು ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತವೆ. ಅಮ್ಮ ಮಾತ್ರ ನೆನೆಸಿದ ಅಕ್ಕಿ ಉದ್ದು ಇಟ್ಟುಕೊಂಡು ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಗೆ ಕೂಗಬೇಕು: "ರೀ, ಕರೆಂಟ್ ಬಂತಾ?" ಗ್ರೈಂಡರ್ ಸ್ವಿಚ್ ಒತ್ತಿ ನೋಡಬಹುದು, ನಿಜ. ಒತ್ತಿ, ಆಫ್ ಮಾಡುವುದು ಮರೆತು, ಕರೆಂಟ್ ಬಂದಾಗ ಖಾಲಿ ಗ್ರೈಂಡರ್ ಗರಗರ ಅಂತ ತಿರುಗಿದ್ದೂ ಆಗಿದೆ. ಯುಪಿಎಸ್ ಮೇಲೆ ದೀಪ ಇದೆ. ಆದರೆ ಯುಪಿಎಸ್ ಇರುವುದು ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡ್ ಹಿಂದೆ.

ಅದಕ್ಕೇ ಈ ದೀಪ. ಒಂದು ಪುಟ್ಟ ಪ್ಲಾಸ್ಟಿಕ್ ಬಾಕ್ಸ್, ಒಂದು ಮೊಳ ವೈರು, ತುದಿಯಲ್ಲಿ ತ್ರೀ ಪಿನ್ ಟಾಪ್. ಯುಪಿಎಸ್‌ಗೆ ಸೇರದ ಸಾಕೆಟ್‌ಗೆ ಚುಚ್ಚಿದರೆ ಆಯಿತು. ದೀಪ ಉರಿದರೆ ಕರೆಂಟ್ ಇದೆ.

ಬರೀ ದೀಪ ಬೇಕು, ಮಾಡುವ ಖುಷಿ ಬೇಡ ಅನ್ನುವವರು 230 ವೋಲ್ಟಿನ ರೆಡಿಮೇಡ್ ಪ್ಯಾನಲ್ ಇಂಡಿಕೇಟರ್ ತಂದುಬಿಡಿ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಳಗೆ ಏನಿದೆ, ಯಾಕೆ ಇದೆ ಅಂತ ತಿಳಿಯಬೇಕು ಅನ್ನುವವರು ಮುಂದೆ ಓದಿ.

ಮೊದಲು ಎರಡು ಮಾತು

ಇದು ಬ್ಯಾಟರಿ ಸರ್ಕ್ಯೂಟ್ ಅಲ್ಲ. ಇಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಅಂದರೆ ಎಲ್‌ಇಡಿಯ ಪುಟ್ಟ ಕಾಲೂ ಕೂಡ ನೇರವಾಗಿ ಮೈನ್ಸ್ ಲೈನಿಗೇ ಸೇರಿರುತ್ತದೆ. "ಎಲ್‌ಇಡಿಗೆ ಎರಡೇ ವೋಲ್ಟ್ ಅಲ್ವಾ, ಏನಾಗುತ್ತೆ" ಅಂತ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಎರಡು ವೋಲ್ಟ್ ಇರುವುದು ಅದರ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ. ಆ ಕಾಲಿಗೂ ನೀವು ನಿಂತಿರುವ ನೆಲಕ್ಕೂ ನಡುವೆ ಅಲ್ಲ. ಬಾಕ್ಸ್ ತೆರೆದಿರುವಾಗ ಟಾಪ್ ಸಾಕೆಟ್‌ನಿಂದ ಹೊರಗೇ ಇರಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು. ಸೋಲ್ಡರಿಂಗ್ ಮಾಡಿ, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡನೆಯದು ಇನ್ನೂ ಮುಖ್ಯ. ಈ ದೀಪ ಒಂದೇ ಮಾತು ಹೇಳುತ್ತದೆ. ಉರಿಯುತ್ತಿದ್ದರೆ ಕರೆಂಟ್ ಇದೆ. ಉರಿಯದಿದ್ದರೆ ಕರೆಂಟ್ ಇಲ್ಲ ಅಂತ ಅರ್ಥ ಅಲ್ಲ. ಎಲ್‌ಇಡಿ ಸುಟ್ಟಿರಬಹುದು, ಬೆಸುಗೆ ಬಿಟ್ಟಿರಬಹುದು, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಕಡಿದಿರಬಹುದು. ನ್ಯೂಟ್ರಲ್ ಕಡಿದಾಗ ದೀಪ ಸತ್ತಿರುತ್ತದೆ, ಫೇಸ್ (ಕರೆಂಟ್ ಬರುವ ವೈರು) ಜೀವಂತ ಇರುತ್ತದೆ. ಹಾಗಾಗಿ ಇದನ್ನು ನೋಡಿಕೊಂಡು ಸ್ವಿಚ್ ಬೋರ್ಡ್ ಬಿಚ್ಚಬಾರದು. ಅಂಥ ಕೆಲಸಕ್ಕೆ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಟೆಸ್ಟರ್‌ನಿಂದಲೂ ಮೀಟರ್‌ನಿಂದಲೂ ನೋಡಿಯೇ ಕೈ ಹಾಕಬೇಕು.

ಲೆಕ್ಕ: ಯಾಕೆ ಎರಡು ರೆಸಿಸ್ಟರ್, ಯಾಕೆ ಒಂದು ವ್ಯಾಟ್

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಜ್ ಎಸಿ, ಅಂದರೆ ಅಲೆಯಂತೆ ಏರಿಳಿದು ದಿಕ್ಕು ಬದಲಿಸುವ ಕರೆಂಟ್. 230 ಅನ್ನುವುದು ಪರಿಣಾಮದ ಲೆಕ್ಕ. ಅಲೆಯ ತುದಿಯಲ್ಲಿ ಅದು ಸುಮಾರು 325 ವೋಲ್ಟ್ ಮುಟ್ಟುತ್ತದೆ. ಕೆಂಪು ಎಲ್‌ಇಡಿಗೆ ಬೇಕಾದದ್ದು 2 ವೋಲ್ಟ್. ಉಳಿದದ್ದನ್ನೆಲ್ಲ ಬೇರೆ ಯಾರೋ ಹೊರಬೇಕು. ಹೊರುವವನೇ ರೆಸಿಸ್ಟರ್.

ಈ ಹೊರೆಯನ್ನು ಲೆಕ್ಕ ಹಾಕದೆ ನಾನು ಮಾಡಿದ ಮೊದಲ ದೀಪದ ಕಥೆ ಕೇಳಿ. ಡ್ರಾಯರ್‌ನಲ್ಲಿ 22 ಕಿಲೋ ಓಮಿನ ಕಾಲು ವ್ಯಾಟ್ ರೆಸಿಸ್ಟರ್ ಸಿಕ್ಕಿತು. ಎಲ್‌ಇಡಿಗೆ ಸುಮಾರು 10 ಮಿಲಿಆಂಪ್ ಹೋಗುತ್ತದೆ, ಸರಿಯಾಗಿದೆ ಅಂದುಕೊಂಡೆ. ಎಲ್‌ಇಡಿ ಚೆನ್ನಾಗಿಯೇ ಹತ್ತಿತು. ಅರ್ಧ ನಿಮಿಷಕ್ಕೆ ವಾಸನೆ, ಆಮೇಲೆ ಹೊಗೆ. ಲೆಕ್ಕ ಆಮೇಲೆ ಹಾಕಿದೆ: 230 × 230 ÷ 22,000, ಅಂದರೆ 2.4 ವ್ಯಾಟ್. ಕಾಲು ವ್ಯಾಟ್ ತಡೆಯುವ ವಸ್ತುವಿನ ಮೇಲೆ ಹತ್ತು ಪಟ್ಟು ಹೊರೆ ಹೊರಿಸಿದ್ದೆ.

ಈಗಿನ ಎಲ್‌ಇಡಿಗಳಿಗೆ 10 ಮಿಲಿಆಂಪ್ ಬೇಕೇ ಇಲ್ಲ. ಒಂದು ಮಿಲಿಆಂಪ್‌ನಲ್ಲೇ ಇಂಡಿಕೇಟರ್‌ಗೆ ಸಾಕಾಗುವಷ್ಟು ಬೆಳಗುತ್ತವೆ. ಹಾಗಾಗಿ ನಾನು ಈಗ ಹಾಕುವುದು 47 ಕಿಲೋ ಓಮಿನ ಎರಡು ರೆಸಿಸ್ಟರ್, ಒಟ್ಟು 94 ಕಿಲೋ ಓಮ್. ಸರ್ಕ್ಯೂಟಿನಲ್ಲಿ ಹರಿಯುವುದು ಸುಮಾರು 2.4 ಮಿಲಿಆಂಪ್. ಎಲ್‌ಇಡಿಗೆ ಅರ್ಧ ಅಲೆ ಮಾತ್ರ ಸಿಗುವುದರಿಂದ ಅದರ ಪಾಲಿಗೆ ಸರಾಸರಿ 1.1 ಮಿಲಿಆಂಪ್. ಎರಡೂ ರೆಸಿಸ್ಟರ್ ಸೇರಿ 0.56 ವ್ಯಾಟ್, ಒಂದೊಂದಕ್ಕೆ 0.28. ವರ್ಷವಿಡೀ ಉರಿದರೂ 5 ಯೂನಿಟ್ ದಾಟುವುದಿಲ್ಲ.

0.28 ವ್ಯಾಟಿಗೆ ಅರ್ಧ ವ್ಯಾಟಿನದು ಸಾಕಲ್ವಾ? ಮಾಮೂಲಿ ದಿನ ಸಾಕು. ಆದರೆ ಮಳೆಗಾಲದಲ್ಲಿ ಬೀದಿಯ ನ್ಯೂಟ್ರಲ್ ಕಿತ್ತುಹೋಗಿ ಮನೆಯೊಳಗೆ 400 ವೋಲ್ಟ್ ಹತ್ತಿರ ನುಗ್ಗುವುದುಂಟು. ಟಿವಿ, ಫ್ರಿಜ್ ಸುಡುವುದು ಇಂಥ ದಿನವೇ. ಆಗ ಒಂದೊಂದು ರೆಸಿಸ್ಟರ್ ಮೇಲೆ 200 ವೋಲ್ಟ್ ಬಿದ್ದು 0.85 ವ್ಯಾಟ್ ಆಗುತ್ತದೆ. ಒಂದು ವ್ಯಾಟಿನದು ಬಿಸಿಯಾಗಿ ತಡೆದುಕೊಳ್ಳುತ್ತದೆ, ಅರ್ಧ ವ್ಯಾಟಿನದು ಕಪ್ಪಾಗುತ್ತದೆ.

ಒಂದರ ಬದಲು ಎರಡು ಹಾಕುವುದಕ್ಕೆ ಎರಡು ಕಾರಣ. ರೆಸಿಸ್ಟರ್‌ಗೆ ವ್ಯಾಟ್ ಮಿತಿಯ ಜೊತೆಗೆ ವೋಲ್ಟ್ ಮಿತಿಯೂ ಇದೆ. ಇದನ್ನು ಬಹಳ ಜನ ಮರೆಯುತ್ತಾರೆ. ಕಾಲು ವ್ಯಾಟಿನ ಸಾಮಾನ್ಯ ರೆಸಿಸ್ಟರ್ ತಡೆಯುವುದು 250 ವೋಲ್ಟಿನ ಆಸುಪಾಸು ಮಾತ್ರ. ಎರಡು ಇದ್ದರೆ ವೋಲ್ಟೂ ಹಂಚಿಹೋಗುತ್ತದೆ. ಇನ್ನೊಂದು ಕಾರಣ: ಒಂದನ್ನು ಫೇಸ್ ಕಡೆ, ಇನ್ನೊಂದನ್ನು ನ್ಯೂಟ್ರಲ್ ಕಡೆ ಹಾಕಬಹುದು. ಹಳೇ ಮನೆಗಳಲ್ಲಿ ಸಾಕೆಟ್‌ನ ಫೇಸ್, ನ್ಯೂಟ್ರಲ್ ಅದಲು ಬದಲಾಗಿರುವುದು ಮಾಮೂಲು. ಹೀಗೆ ಎರಡೂ ಕಡೆ ಹಾಕಿದರೆ ಫೇಸ್ ಯಾವ ಕಡೆಯಿಂದ ಬಂದರೂ ಎಲ್‌ಇಡಿ ಒಂದು ರೆಸಿಸ್ಟರ್‌ನ ಹಿಂದೆಯೇ ಇರುತ್ತದೆ. ಹಾಗಂತ ಮುಟ್ಟಬಹುದು ಅಂತಲ್ಲ. 47 ಕಿಲೋ ಓಮ್ ದಾಟಿಯೂ ಮೈಗೆ 5 ಮಿಲಿಆಂಪ್ ಹತ್ತಿರ ಹರಿಯುತ್ತದೆ. ಸ್ಟೂಲ್ ಮೇಲೆ ನಿಂತವರನ್ನು ಬೀಳಿಸಲು ಅಷ್ಟು ಸಾಕು.

ಡಯೋಡ್ ಯಾಕೆ ತಲೆಕೆಳಗು

50 ಹರ್ಟ್ಜ್ ಎಸಿ ಅಂದರೆ ಸೆಕೆಂಡಿಗೆ 50 ಅಲೆ, 100 ಸಲ ದಿಕ್ಕು ಬದಲಿಸುವ ಕರೆಂಟ್. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುತ್ತದೆ. ಉಲ್ಟಾ ದಿಕ್ಕಿನಲ್ಲಿ ಅದು ತಡೆಯುವುದು ಸಾಮಾನ್ಯವಾಗಿ 5 ವೋಲ್ಟ್ ಅಷ್ಟೇ. ಅಲ್ಲಿಗೆ 325 ವೋಲ್ಟ್ ಬಂದರೆ ಬಹಳ ದಿನ ಬಾಳುವುದಿಲ್ಲ. ಅದಕ್ಕೆ ಎಲ್‌ಇಡಿಯ ಪಕ್ಕದಲ್ಲೇ, ಉಲ್ಟಾ ದಿಕ್ಕಿಗೆ, ಒಂದು ಸಾದಾ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕುತ್ತೇವೆ. ಉಲ್ಟಾ ಅಲೆ ಬಂದಾಗ ಡಯೋಡ್ ಬಾಗಿಲು ತೆರೆದು ಕರೆಂಟನ್ನು ಪಕ್ಕದಿಂದ ಸಾಗಹಾಕುತ್ತದೆ. ಆಗ ಎಲ್‌ಇಡಿ ಮೇಲೆ ಬೀಳುವುದು ಒಂದು ವೋಲ್ಟಿಗೂ ಕಡಿಮೆ.

ಡಯೋಡನ್ನು ಪಕ್ಕದಲ್ಲಿ ಹಾಕದೆ ಸಾಲಿನಲ್ಲಿ ಹಾಕಿದ ಚಿತ್ರಗಳನ್ನೂ ನೋಡಿರುತ್ತೀರಿ. ರೆಸಿಸ್ಟರ್ ಬಿಸಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಿಜವೇ. ಆದರೆ ಉಲ್ಟಾ ಅಲೆಯಲ್ಲಿ ಡಯೋಡೂ ಎಲ್‌ಇಡಿಯೂ ವೋಲ್ಟನ್ನು ಹೇಗೆ ಹಂಚಿಕೊಳ್ಳುತ್ತವೆ ಅನ್ನುವುದು ಅವುಗಳ ಸೋರಿಕೆಗೆ, ಅಂದರೆ ಮುಚ್ಚಿದ್ದಾಗಲೂ ಜಿನುಗುವ ಕರೆಂಟಿಗೆ, ಬಿಟ್ಟದ್ದು. ಎಲ್‌ಇಡಿ ಆಯುಸ್ಸನ್ನು ಸೋರಿಕೆಗೆ ಬಿಡುವುದು ನನಗೆ ಇಷ್ಟ ಇಲ್ಲ.

ಡಯೋಡ್ 1ಎನ್4007 ಇರಲಿ. ಮಾಮೂಲಿ ದಿನದಲ್ಲಿ ಅದಕ್ಕೆ ಬರುವುದು ಎರಡು ಮೂರು ವೋಲ್ಟ್ ಮಾತ್ರ, ಚಿಕ್ಕ 1ಎನ್4148 ಕೂಡ ಸಾಕು. ಆದರೆ ಒಂದು ದಿನ ಎಲ್‌ಇಡಿ ಕಡಿದುಹೋದರೆ ಪೂರ್ತಿ 325 ವೋಲ್ಟ್ ಡಯೋಡ್ ಮೇಲೆ ಬೀಳುತ್ತದೆ. 4007 ಸಾವಿರ ವೋಲ್ಟ್ ತಡೆಯುತ್ತದೆ. 4148 ನೂರಕ್ಕೇ ಕೈ ಎತ್ತುತ್ತದೆ.

ಕೆಪಾಸಿಟರ್ ಬೇಡವೇ?

ರೆಸಿಸ್ಟರ್ ಬದಲು ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ಹಾಕಿದರೆ ಬಿಸಿಯೇ ಆಗುವುದಿಲ್ಲ, ಅದು ಇನ್ನೂ ಜಾಣತನ ಅನ್ನುವವರಿದ್ದಾರೆ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ 50 ಹರ್ಟ್ಜ್‌ನಲ್ಲಿ ಸುಮಾರು 32 ಕಿಲೋ ಓಮಿನಂತೆ ತಡೆಯುತ್ತದೆ, 7 ಮಿಲಿಆಂಪ್ ಕೊಡುತ್ತದೆ. ಹೆಚ್ಚು ಬೆಳಕು ಬೇಕಾದ ಕಡೆ ಅದೇ ಸರಿ. ಇಂಡಿಕೇಟರ್‌ಗೆ ನಾನು ಹಾಕುವುದಿಲ್ಲ. ಲೈನಿನಲ್ಲಿ ಬರುವ ಚೂಪು ಅಲೆಗಳನ್ನು ಕೆಪಾಸಿಟರ್ ತಡೆಯುವುದಿಲ್ಲ, ಸಲೀಸಾಗಿ ಒಳಗೆ ಬಿಡುತ್ತದೆ. ಸ್ಕ್ವೇರ್ ವೇವ್ ಯುಪಿಎಸ್ ಲೈನಿಗೆ ಸೇರಿಸಿದರಂತೂ ಪ್ರತಿ ಅಲೆಗೂ ಒಂದು ಗುದ್ದು. ಅದಕ್ಕೆ ಎಕ್ಸ್2 ಅಂತ ಬರೆದ ವಿಶೇಷ ಕೆಪಾಸಿಟರೇ ಬೇಕು. ಟಾಪ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದು ಪಿನ್ ಮುಟ್ಟಿದವರಿಗೆ ಹೊಡೆಯುತ್ತದೆ. ಅದನ್ನು ಇಳಿಸಲು ಮತ್ತೆ ಬೇರೆ ರೆಸಿಸ್ಟರ್ ಬೇಕು. ಅರ್ಧ ವ್ಯಾಟ್ ಉಳಿಸಲು ಇಷ್ಟೆಲ್ಲ ಯಾಕೆ?

ಸಾಮಾನು

ಬೆಂಗಳೂರಿನಲ್ಲಿ ಇಂಥದ್ದಕ್ಕೆಲ್ಲ ಎಸ್‌.ಪಿ. ರಸ್ತೆ. ಸಾದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಹಸಿರು ಮಾರ್ಗದ ಮೆಟ್ರೋದಲ್ಲಿ ಮಾರ್ಕೆಟ್ ಸ್ಟೇಷನ್‌ಗೆ ಬಂದು ನಡೆಯಿರಿ. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಮೊದಲ ಬೀದಿ ದೀಪಗಳು ಹತ್ತಿದ್ದು ಇದೇ ಮಾರ್ಕೆಟ್ ಸುತ್ತಿನಲ್ಲಿ. ನಾವು ಈಗ ಎಲ್‌ಇಡಿ ಹುಡುಕಿಕೊಂಡು ಹೋಗುವುದೂ ಅಲ್ಲಿಗೇ.

ಚೀಟಿಯಲ್ಲಿ ಬರೆದುಕೊಳ್ಳಿ:

- 47 ಕಿಲೋ ಓಮ್, 1 ವ್ಯಾಟ್ ರೆಸಿಸ್ಟರ್: 2 (ನಾಲ್ಕು ತನ್ನಿ, ಕೈತಪ್ಪಿ ಒಂದು ಕಳೆದೇ ಕಳೆಯುತ್ತದೆ)
- 1ಎನ್4007 ಡಯೋಡ್: 1
- 5 ಮಿಮೀ ಕೆಂಪು ಎಲ್‌ಇಡಿ: 1
- 250 ಮಿಲಿಆಂಪ್, 250 ವೋಲ್ಟಿನ ಗ್ಲಾಸ್ ಫ್ಯೂಸ್, ಅದರ ಹೋಲ್ಡರ್
- ಚುಕ್ಕಿ ಚುಕ್ಕಿ ತೂತಿನ ಜನರಲ್ ಪರ್ಪಸ್ ಬೋರ್ಡ್, ಚಿಕ್ಕದು
- ಪಾರದರ್ಶಕ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್
- 0.75 ಚದರ ಮಿಮೀ ಟೂ ಕೋರ್ ವೈರು, ಹೊರಗೂ ಕವಚ ಇರುವಂಥದ್ದು
- ಐಎಸ್‌ಐ ಗುರುತಿನ 6 ಆಂಪ್ ತ್ರೀ ಪಿನ್ ಟಾಪ್

ಬಿಡಿಭಾಗಗಳಿಗೆ ಚಿಲ್ಲರೆ ಕಾಸು. ದುಡ್ಡೆಲ್ಲ ಬಾಕ್ಸ್, ವೈರು, ಟಾಪ್‌ಗೇ ಹೋಗುತ್ತದೆ. ಅಲ್ಲೇ ಉಳಿಸಲು ಹೋಗಬೇಡಿ.

ಎಲ್‌ಇಡಿಯಲ್ಲಿ ಗಾಜಿನಂತೆ ತಿಳಿಯಾದದ್ದು, ಹಾಲುಬಣ್ಣ ಬೆರೆತಂತೆ ಮಬ್ಬಾದದ್ದು ಅಂತ ಎರಡು ಇವೆ. ತಿಳಿಯಾದದ್ದು ಎದುರಿಗೆ ಕಣ್ಣು ಕುಕ್ಕುತ್ತದೆ, ಪಕ್ಕದಿಂದ ಕಾಣುವುದೇ ಇಲ್ಲ. ಮಬ್ಬಿನದು ಒಳ್ಳೆಯದು. ನೀಲಿ ಬೇಡ. ರಾತ್ರಿ ನೀರು ಕುಡಿಯಲು ಎದ್ದಾಗ ಅಡುಗೆಮನೆ ತುಂಬ ನೀಲಿ ಬೆಳಕು ಕಂಡರೆ ನಿದ್ದೆ ಹಾರಿಹೋಗುತ್ತದೆ.

ಕಾರಿನ ಫ್ಯೂಸ್ ಹಾಕಬೇಡಿ. ಅದು ಕಡಿಮೆ ವೋಲ್ಟಿಗೆ ಮಾಡಿದ್ದು, 230ರಲ್ಲಿ ಸುಟ್ಟರೂ ಒಳಗೆ ಕಿಡಿ ನಿಲ್ಲದಿರಬಹುದು. ಸಾಕೆಟ್ ಹಿಂದೆ ಎಂಸಿಬಿ ಇದೆಯಲ್ಲ ಅನ್ನಬೇಡಿ. ಅದು ಗೋಡೆಯ ದಪ್ಪ ವೈರನ್ನು ಕಾಯುತ್ತದೆ, ಬಾಕ್ಸ್ ಒಳಗಿನ ಸಣ್ಣ ತಂತಿಯನ್ನಲ್ಲ.

ಜೋಡಣೆ

1. ರೆಸಿಸ್ಟರ್ ಪಟ್ಟಿ ನೋಡಿ: ಹಳದಿ, ನೇರಳೆ, ಕಿತ್ತಳೆ. ಆಮೇಲೂ ಮೀಟರ್‌ನಲ್ಲಿ ಅಳೆಯಿರಿ. 44.7ರಿಂದ 49.3 ಕಿಲೋ ಓಮ್ ಒಳಗಿದ್ದರೆ ಸರಿ. ಮೂರನೇ ಪಟ್ಟಿ ಕಿತ್ತಳೆಯೋ ಕೆಂಪೋ ಅಂತ ಟ್ಯೂಬ್‌ಲೈಟ್ ಬೆಳಕಲ್ಲಿ ಅನುಮಾನ ಬರುತ್ತದೆ. ಕೆಂಪಾದರೆ ಅದು 4.7 ಕಿಲೋ ಓಮ್, ಅಂದರೆ ಹತ್ತು ಪಟ್ಟು ಬಿಸಿ.

2. ಬೋರ್ಡ್ ಮೇಲೆ ಸಾಲು ಹೀಗಿರಲಿ: ಫೇಸ್ ವೈರು, ಫ್ಯೂಸ್, ಮೊದಲ ರೆಸಿಸ್ಟರ್, ಎಲ್‌ಇಡಿ, ಎರಡನೇ ರೆಸಿಸ್ಟರ್, ನ್ಯೂಟ್ರಲ್ ವೈರು. ಒಂದು ತುದಿಯಲ್ಲಿ ಫೇಸ್, ಇನ್ನೊಂದು ತುದಿಯಲ್ಲಿ ನ್ಯೂಟ್ರಲ್. ಎರಡರ ನಡುವೆ ಎಲ್ಲೂ ಮೂರು ಸಾಲು ತೂತಿಗಿಂತ ಕಡಿಮೆ ಅಂತರ ಬೇಡ.

3. ಎಲ್‌ಇಡಿಯ ಉದ್ದ ಕಾಲು ಪ್ಲಸ್. ಡಯೋಡ್ ಮೈಮೇಲೆ ಒಂದು ಬೆಳ್ಳಿ ಗೆರೆ ಇರುತ್ತದೆ. ಗೆರೆ ಇರುವ ತುದಿ ಎಲ್‌ಇಡಿಯ ಉದ್ದ ಕಾಲಿಗೆ, ಇನ್ನೊಂದು ತುದಿ ಗಿಡ್ಡ ಕಾಲಿಗೆ. ಕಾಲು ಕತ್ತರಿಸುವ ಮೊದಲೇ ಇದನ್ನು ಮಾಡಿ. ಕತ್ತರಿಸಿದ ಮೇಲೆ ಉದ್ದ ಯಾವುದು, ಗಿಡ್ಡ ಯಾವುದು?

4. ರೆಸಿಸ್ಟರ್‌ಗಳನ್ನು ಬೋರ್ಡಿಗೆ ಒತ್ತಿ ಕೂರಿಸಬೇಡಿ. ಮೂರು ನಾಲ್ಕು ಮಿಮೀ ಮೇಲೆ ನಿಲ್ಲಲಿ, ಗಾಳಿಯಾಡುತ್ತದೆ. 25 ವ್ಯಾಟಿನ ಐರನ್ ಸಾಕು. ಬೆಸುಗೆ ಹೊಳೆಯಬೇಕು. ಮಂಕಾಗಿ ಉಂಡೆಯಂತೆ ಕೂತಿದ್ದರೆ ಮತ್ತೊಮ್ಮೆ ಬಿಸಿ ಮುಟ್ಟಿಸಿ. ಉಳಿದ ಫ್ಲಕ್ಸ್ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಶ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ.

5. ಬಾಕ್ಸ್‌ಗೆ ವೈರು ಬರುವ ತೂತು ವೈರಿಗೆ ಬಿಗಿಯಾಗಿರಲಿ. ಒಳಗೆ ವೈರನ್ನು ಕ್ಲಿಪ್‌ನಿಂದ ಹಿಡಿಸಿ. ಹೊರಗಿಂದ ಜಗ್ಗಿದರೆ ಆ ಎಳೆತ ಬೆಸುಗೆಗೆ ತಲುಪಬಾರದು.

6. ಎಲ್‌ಇಡಿಯನ್ನು ಹೊರಗೆ ಇಣುಕಿಸಬೇಡಿ. ಮುಚ್ಚಳ ಪಾರದರ್ಶಕ ತಂದಿದ್ದು ಅದಕ್ಕೇ. ಒಳಗೇ ಇರಲಿ, ಹೊರಗಿನಿಂದ ಕಾಣಲಿ. ಲೋಹದ ಎಲ್‌ಇಡಿ ಹೋಲ್ಡರ್ ನೋಡಲು ಚೆಂದ, ಇಲ್ಲಿಗೆ ಬೇಡ.

7. ಟಾಪ್‌ನಲ್ಲಿ ಫೇಸ್, ನ್ಯೂಟ್ರಲ್ ಪಿನ್‌ಗೆ ಮಾತ್ರ ವೈರು. ಬಾಕ್ಸ್ ಪೂರ್ತಿ ಪ್ಲಾಸ್ಟಿಕ್, ಹಾಗಾಗಿ ಅರ್ಥ್ ಪಿನ್ ಖಾಲಿ. ಸಾಕೆಟ್ ಎದುರು ನಿಂತರೆ ದಪ್ಪ ತೂತು ಮೇಲೆ, ಫೇಸ್ ನಿಮ್ಮ ಬಲಕ್ಕೆ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಇದೇ ಸರ್ಕ್ಯೂಟನ್ನು ಸ್ವಿಚ್ ಬೋರ್ಡ್ ಒಳಗೆ ಹಾಕಲು ಹೊರಟವರಿಗೆ ಅಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಬರೀ ಲೈಟ್ ಸ್ವಿಚ್ ಇರುವ ಬೋರ್ಡಿಗೆ ಬಹಳ ಸಲ ಫೇಸ್ ಮಾತ್ರ ಬಂದಿರುತ್ತದೆ. ಆಗ ಕೆಲವರು ಹಸಿರು ವೈರಿಗೆ, ಅಂದರೆ ಅರ್ಥ್‌ಗೆ, ಸೇರಿಸಿಬಿಡುತ್ತಾರೆ. ದೀಪ ಹತ್ತುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಮನೆಯ ಅರ್ಥ್ ಎಲ್ಲೋ ಒಂದು ಕಡೆ ಕಡಿದಿದ್ದರೆ, ಅದೇ ದೀಪದ ಮೂಲಕ ಗೀಸರ್, ಫ್ರಿಜ್ ಮೈಗೆಲ್ಲ ಫೇಸ್ ಹಬ್ಬುತ್ತದೆ. ಮುಟ್ಟಿದರೆ ಜುಮ್ ಅನ್ನುತ್ತದೆ. ಇಂಥ ದೀಪ ಹತ್ತಾರು ಆದರೆ, 30 ಮಿಲಿಆಂಪ್ ಸೋರಿಕೆಗೆ ಬೀಳುವ ಆರ್‌ಸಿಸಿಬಿ (ಸೋರಿಕೆ ಕಂಡರೆ ಲೈನ್ ಕಡಿಯುವ ಸ್ವಿಚ್) ಕಾರಣವೇ ಇಲ್ಲದಂತೆ ಬೀಳತೊಡಗುತ್ತದೆ. ನ್ಯೂಟ್ರಲ್ ಇಲ್ಲದ ಕಡೆ ಈ ದೀಪ ಇಲ್ಲ, ಅಷ್ಟೇ. ಗೋಡೆಯೊಳಗಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಪರೀಕ್ಷೆ

ಮೊದಲು ಕರೆಂಟಿಲ್ಲದೆ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಮೊನೆಯನ್ನು ಎಲ್‌ಇಡಿಯ ಪ್ಲಸ್ ಕಾಲಿಗೆ, ಕಪ್ಪನ್ನು ಇನ್ನೊಂದಕ್ಕೆ ಇಡಿ. ಎಲ್‌ಇಡಿ ಮಂಕಾಗಿ ಹತ್ತಬೇಕು, ಮೀಟರ್ 1.8ರ ಆಸುಪಾಸು ತೋರಿಸಬೇಕು. ಮೊನೆ ಅದಲು ಬದಲು ಮಾಡಿ. ಈಗ 0.5, 0.6 ತೋರಿಸಬೇಕು. ಅದು ಡಯೋಡಿನ ಮಾತು. ಒಂದು ಕಡೆ 0.6, ಇನ್ನೊಂದು ಕಡೆ ಏನೂ ಇಲ್ಲ ಅಂತಾದರೆ ಡಯೋಡ್ ತಿರುಗಿ ಕೂತಿದೆ. ಹಾಗೇ ಮೈನ್ಸ್‌ಗೆ ಚುಚ್ಚಿದರೆ ಎಲ್‌ಇಡಿ ಹತ್ತುವುದೇ ಇಲ್ಲ, ಉಲ್ಟಾ ಅಲೆಯ ಪೂರ್ತಿ ಏಟು ಮಾತ್ರ ತಿನ್ನುತ್ತದೆ. ಆಮೇಲೆ ಟಾಪ್‌ನ ಎರಡು ಪಿನ್ ನಡುವೆ ಬೀಪ್ ಪರೀಕ್ಷೆ ಮಾಡಿ. ಬೀಪ್ ಬರಬಾರದು.

ಮುಂದಿನದು ಸೀರೀಸ್ ಬಲ್ಬ್. ರಿಪೇರಿ ಅಂಗಡಿಯವರ ಹತ್ತಿರ ಒಂದು ಹಳೇ ಹಲಗೆ, ಮೇಲೆ 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬ್ ಇರುತ್ತದಲ್ಲ, ಅದೇ. ಬಾಕ್ಸ್ ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಆ ಹಲಗೆಯ ಸಾಕೆಟ್‌ಗೆ ಚುಚ್ಚಿ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಝಗ್ ಅಂತ ಹತ್ತುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಎಲ್ಲ ಸರಿ ಇದ್ದರೆ ಬಲ್ಬ್ ಸುಮ್ನೆ ಇರುತ್ತದೆ, ನಿಮ್ಮ ಎಲ್‌ಇಡಿ ಹತ್ತುತ್ತದೆ.

ಇನ್ನು ನೇರ ಸಾಕೆಟ್. ಒಂದು ಗಂಟೆ ಕಣ್ಣೆದುರಿಗೇ ಉರಿಯಲಿ. ಆಮೇಲೆ ಟಾಪ್ ಕಿತ್ತು, ಬಾಕ್ಸ್ ತೆರೆದು ರೆಸಿಸ್ಟರ್ ಮುಟ್ಟಿ ನೋಡಿ. ಬೆಚ್ಚಗಿರಬೇಕು. ಬೆರಳು ಹಿಂದಕ್ಕೆ ಎಳೆದುಕೊಳ್ಳುವಷ್ಟು ಸುಡುತ್ತಿದ್ದರೆ ಬೆಲೆ ತಪ್ಪಿದೆ.

ಎಲ್ಲಿ ಚುಚ್ಚಬೇಕು, ಏನಾದರೆ ಏನು

ಯುಪಿಎಸ್‌ಗೆ ಸೇರಿರುವ ಸಾಕೆಟ್‌ಗೆ ಚುಚ್ಚಿದರೆ ದೀಪ ಯಾವಾಗಲೂ ಉರಿಯುತ್ತದೆ, ಮಾಡಿದ್ದೆಲ್ಲ ವೇಸ್ಟ್. ಯಾವುದು ಸೇರಿಲ್ಲ ಅಂತ ತಿಳಿಯಲು, ಮೀಟರ್ ಬಾಕ್ಸ್‌ನ ಮೇನ್ ಇಳಿಸಿ ಒಂದೊಂದೇ ಸಾಕೆಟ್‌ನಲ್ಲಿ ಮೊಬೈಲ್ ಚಾರ್ಜರ್ ಇಟ್ಟು ನೋಡಿ. ಚಾರ್ಜ್ ಆಗದ ಸಾಕೆಟ್ ನಿಮ್ಮದು.

ತಲೆ ಆಡಿಸಿದಾಗ ದೀಪ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಕೆಟ್ಟಿಲ್ಲ. ಅರ್ಧ ಅಲೆಯಲ್ಲಿ ಮಾತ್ರ ಉರಿಯುತ್ತದೆ, ಸೆಕೆಂಡಿಗೆ 50 ಸಲ. ಕಿರಿಕಿರಿ ಆದರೆ ಡಯೋಡ್ ಜಾಗಕ್ಕೆ ಇನ್ನೊಂದು ಎಲ್‌ಇಡಿಯನ್ನೇ ಉಲ್ಟಾ ಹಾಕಿ. ಒಂದನ್ನೊಂದು ಕಾಯುತ್ತವೆ, ಸರದಿಯಲ್ಲಿ ಉರಿಯುತ್ತವೆ. ಆದರೆ ಒಂದು ಕಡಿದರೆ ಇನ್ನೊಂದನ್ನೂ ಕರೆದುಕೊಂಡು ಹೋಗುತ್ತದೆ.

ಸ್ವಿಚ್ ಆಫ್ ಇದ್ದರೂ ಮಿಣುಕು ಮಿಣುಕು ಉರಿಯುತ್ತಿದೆಯೇ? ಪೈಪಿನೊಳಗೆ ಉದ್ದಕ್ಕೆ ಜೊತೆಯಲ್ಲಿ ಓಡುವ ವೈರುಗಳೇ ಒಂದು ಪುಟ್ಟ ಕೆಪಾಸಿಟರ್ ಆಗಿ, ಕೆಲವು ಮೈಕ್ರೋಆಂಪ್ ದಾಟಿಸುತ್ತವೆ. ಈಗಿನ ಎಲ್‌ಇಡಿಗೆ ಅಷ್ಟೇ ಸಾಕು. ಎಲ್‌ಇಡಿಯ ಎರಡು ಕಾಲಿನ ನಡುವೆ 10 ಕಿಲೋ ಓಮಿನ ಕಾಲು ವ್ಯಾಟ್ ರೆಸಿಸ್ಟರ್ ಸೇರಿಸಿ. ಕಳ್ಳ ಕರೆಂಟನ್ನು ಅದು ನುಂಗುತ್ತದೆ. ನಿಜವಾದ ಕರೆಂಟ್ ಬಂದಾಗ ಬೆಳಕಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ದೀಪ ಹತ್ತಲೇ ಇಲ್ಲವೇ? ಟಾಪ್ ಕಿತ್ತು ಮೊದಲು ಫ್ಯೂಸ್ ನೋಡಿ, ಆಮೇಲೆ ಮೇಲಿನ ಡಯೋಡ್ ಪರೀಕ್ಷೆ ಮತ್ತೆ ಮಾಡಿ, ಆಮೇಲೆ ರೆಸಿಸ್ಟರ್ ಅಳೆಯಿರಿ. ಮೊನ್ನೆ ನಮ್ಮ ಮನೆಯಲ್ಲೂ ಹತ್ತಲಿಲ್ಲ. ಕರೆಂಟ್ ಇಲ್ಲ ಅಂದುಕೊಂಡು ಅಮ್ಮ ಸಂಜೆವರೆಗೂ ಕಾದರು. ನಾನು ಬಂದು ಬಾಕ್ಸ್ ಬಿಚ್ಚಿ, ಫ್ಯೂಸ್ ತೆಗೆದು, ಎಲ್‌ಇಡಿ ನೋಡಿ, ಎರಡೂ ರೆಸಿಸ್ಟರ್ ಅಳೆದು ಅರ್ಧ ಗಂಟೆ ಕಳೆದೆ. ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಯಾರೋ ಆ ಸಾಕೆಟ್‌ನ ಸ್ವಿಚ್ ಆಫ್ ಮಾಡಿದ್ದರು.